ಪದಚರ್ಚೆ: ‘ವೈಯಕ್ತೀಕೃತ ವಿದ್ಯುತ್ ಸೇವೆ’ಯನ್ನು ‘ಮನೆವಾರು ಸೇವೆ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ವಿದ್ಯುತ್ ಗ್ರಾಹಕರ ಮೊಬೈಲಿಗೆ ಹೋಗುವ ಸಂದೇಶಗಳ ಕನ್ನಡ ಪಠ್ಯವನ್ನು ತಿದ್ದುವ ಕೆಲಸವೊಂದು ನನ್ನ ಪಾಲಿಗೆ ಬಂದಿದೆ. ಸ್ಮಾರ್ಟ್ ಮೀಟರು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಗುರುತು ಹಾಕಿಕೊಂಡ ಅಂಕಿಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶ ಓದಿ, ಒಂದೊಂದು ಮನೆಗೂ ಬೇರೆ ಬೇರೆ ಸಂದೇಶ ಬರೆಯುತ್ತದೆ. ಈ ತಿಂಗಳು ನಿಮ್ಮ ಬಳಕೆ ಇಷ್ಟಾಗಿದೆ, ಅದರಲ್ಲಿ ಗೀಸರಿನ ಪಾಲು ಇಷ್ಟು, ಮುಂದಿನ ಬಿಲ್ ಇಷ್ಟಾಗಬಹುದು, ನೀರಿನ ಮೋಟರನ್ನು ಸಂಜೆಯ ಬದಲು ಮಧ್ಯಾಹ್ನ ಓಡಿಸಿದರೆ ಇಷ್ಟು ಉಳಿಯುತ್ತದೆ ಎಂದೆಲ್ಲ. ಮೂಲ ಪಠ್ಯ ಇಂಗ್ಲಿಷಿನದು, ಕನ್ನಡದ ಮೊದಲ ಕರಡನ್ನೂ ಯಂತ್ರವೇ ಮಾಡಿಕೊಟ್ಟಿದೆ. ಅದರ ಮೊದಲ ಸಾಲು: ‘ನಿಮ್ಮ ವೈಯಕ್ತೀಕೃತ ವಿದ್ಯುತ್ ಸೇವೆಗೆ ಸ್ವಾಗತ.’ ಈ ‘ವೈಯಕ್ತೀಕೃತ’ದ ಜಾಗದಲ್ಲಿ ಏನು ಇರಬೇಕು ಎಂಬುದು ನನ್ನ ಮುಖ್ಯ ಪ್ರಶ್ನೆ. ನನ್ನ ಮನಸ್ಸು ‘ಮನೆವಾರು’ ಎಂಬ ಪದದ ಕಡೆಗೆ ವಾಲಿದೆ. ಯಾಕೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಒಪ್ಪದವರು ಮುಲಾಜಿಲ್ಲದೆ ಉತ್ತರಿಸಬೇಕು.

ಯಂತ್ರ ಕೊಟ್ಟ ಪದವನ್ನು ಮೊದಲು ನೋಡೋಣ. ‘ವೈಯಕ್ತೀಕರಣ’ದ ರಚನೆಯಲ್ಲಿ ತಪ್ಪೇನೂ ಇಲ್ಲ. ರಾಷ್ಟ್ರೀಕರಣ, ಕೈಗಾರಿಕೀಕರಣ, ಜಾಗತೀಕರಣಗಳ ಸಾಲಿಗೆ ಅದೂ ಸೇರುತ್ತದೆ. ಆದರೆ ವಿದ್ಯುತ್ ಇಲಾಖೆಯ ಸುತ್ತಮುತ್ತ ಈ ‘ಈಕರಣ’ಕ್ಕೆ ಬೇರೆಯೇ ನೆನಪುಗಳಿವೆ. 1999ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಹೋಗಿ ವಿದ್ಯುತ್ ಪ್ರಸರಣ ನಿಗಮ ಬಂತು. 2002ರಲ್ಲಿ ವಿತರಣೆಯ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಗೆಸ್ಕಾಂಗಳ ಪಾಲಾಯಿತು, ಮೈಸೂರು ಭಾಗದ ಚಾಮುಂಡೇಶ್ವರಿ ಕಂಪನಿ ಅವುಗಳ ಹಿಂದೆ ಬಂತು. ಆ ವರ್ಷಗಳಲ್ಲಿ ನೌಕರರನ್ನೂ ರೈತರನ್ನೂ ಕಾಡಿದ ಮಾತು ‘ಖಾಸಗೀಕರಣ’. ದಿನಬಳಕೆಯಲ್ಲಿ ‘ಖಾಸಗಿ’ ಮತ್ತು ‘ವೈಯಕ್ತಿಕ’ ಹತ್ತಿರದ ನೆಂಟರು. ವಿದ್ಯುತ್ ಕಂಪನಿಯಿಂದ ಬಂದ ಸಂದೇಶದಲ್ಲಿ ‘ನಿಮ್ಮ ಸೇವೆಯನ್ನು ವೈಯಕ್ತೀಕರಣಗೊಳಿಸಲಾಗಿದೆ’ ಎಂದು ಓದಿದ ಹಿರಿಯರೊಬ್ಬರು, ಕಂಪನಿಯನ್ನು ಯಾರಿಗೋ ಮಾರಿಬಿಟ್ಟರು ಎಂದುಕೊಂಡರೆ ಅವರದೇನೂ ತಪ್ಪಿಲ್ಲ. ಊರುಗಳಲ್ಲಿ ಈಗಲೂ ‘ಕೆಇಬಿಯವರು ಬಂದಿದ್ದರು’ ಎನ್ನುವವರು ಎಷ್ಟೋ ಮಂದಿ. ಇಪ್ಪತ್ತು ವರ್ಷಕ್ಕೂ ಹಳೆಯದಾದ ‘ಹೊಸ’ ಹೆಸರುಗಳು ಆ ಮೂರಕ್ಷರವನ್ನು ಅಲುಗಿಸಿಲ್ಲ. ಈ ಕ್ಷೇತ್ರದಲ್ಲಿ ಜನರ ನೆನಪು ಅಷ್ಟು ಉದ್ದವಾದದ್ದು.

ಎರಡನೆಯದು ‘ಆಪ್ತ’. ಗೆಳೆಯರೊಬ್ಬರು ‘ಆಪ್ತ ಸೇವೆ’ ಎನ್ನಬಹುದಲ್ಲ ಎಂದು ಸೂಚಿಸಿದರು. ಆಪ್ತ ಸಹಾಯಕ, ಆಪ್ತ ಕಾರ್ಯದರ್ಶಿ, ಆಪ್ತ ಸಮಾಲೋಚನೆ ಎಂದು ಆಡಳಿತದಲ್ಲಿ ಈ ಪದ ಚೆನ್ನಾಗಿ ನೆಲೆಯೂರಿದೆ. ಕೇಳಲು ಹಿತವಾಗಿದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಆಪ್ತರಾಗುವುದು ನಂಬಿಕೆಯಿಂದ, ಒಡನಾಟದಿಂದ. ನಾವು ಯಾರನ್ನು ಆಪ್ತರೆಂದು ಕರೆಯುತ್ತೇವೆ ಎಂಬುದನ್ನು ನಾವು ತೀರ್ಮಾನಿಸುತ್ತೇವೆ. ಮೀಟರಿನ ಅಂಕಿ ಓದುವ ತಂತ್ರಾಂಶ ತನ್ನನ್ನು ತಾನೇ ಆಪ್ತ ಎಂದು ಕರೆದುಕೊಳ್ಳುವುದು ಸಲ್ಲದು. ಆ ಪದವನ್ನು ಮನುಷ್ಯರಿಗಾಗಿ ಉಳಿಸಿಕೊಳ್ಳಬೇಕೆಂದು ನನ್ನ ಗಟ್ಟಿ ಅಭಿಪ್ರಾಯ.

ಮೂರನೆಯದು ಕನ್ನಡದ್ದೇ ಸೊಗಸಾದ ನುಡಿಗಟ್ಟು, ‘ಹೇಳಿ ಮಾಡಿಸಿದ’. ‘ನಿಮಗೆ ಹೇಳಿ ಮಾಡಿಸಿದಂಥ ಸಲಹೆ’ ಎಂದರೆ ಎಲ್ಲರಿಗೂ ತಕ್ಷಣ ತಿಳಿಯುತ್ತದೆ. ನಾನು ಇದನ್ನು ಬಹಳ ಹೊತ್ತು ಕೈಬಿಡಲಾರದೆ ಕುಳಿತಿದ್ದೆ. ತೊಡಕು ಅದರ ಮೊದಲ ಪದದಲ್ಲಿದೆ. ಹೇಳಿ ಮಾಡಿಸುವಾಗ ಹೇಳುವವರು ನಾವು. ಅಳತೆ ಕೊಡುತ್ತೇವೆ, ಬೇಕು ಬೇಡ ತಿಳಿಸುತ್ತೇವೆ, ಆಮೇಲೆ ಮಾಡಿಸುತ್ತೇವೆ. ಇಲ್ಲಿ ಗ್ರಾಹಕರು ಏನನ್ನೂ ಹೇಳಿಲ್ಲ. ಅವರು ದೀಪ ಹಾಕಿದ್ದನ್ನು, ಆರಿಸಿದ್ದನ್ನು ನೋಡಿ ಯಂತ್ರವೇ ಅಳತೆ ತೆಗೆದುಕೊಂಡಿದೆ. ಹೇಳದೆ ಮಾಡಿದ್ದನ್ನು ಹೇಳಿ ಮಾಡಿಸಿದ್ದು ಎನ್ನಲು ಮನಸ್ಸು ಒಪ್ಪಲಿಲ್ಲ. ಗ್ರಾಹಕರೇ ‘ನಮ್ಮ ಮನೆಯಲ್ಲಿ ಇಷ್ಟು ಜನ, ನಮಗೆ ಸಂದೇಶ ತಿಂಗಳಿಗೊಂದು ಸಾಕು’ ಎಂದು ಆಯ್ಕೆ ಮಾಡಿಕೊಳ್ಳುವ ಪುಟವೊಂದಿದ್ದರೆ, ಅಲ್ಲಿಗೆ ಈ ನುಡಿಗಟ್ಟು ನಿಜವಾಗಿ ಸಲ್ಲುತ್ತದೆ.

ಈಗ ‘ಮನೆವಾರು’. ಇದಕ್ಕೆ ಕಾರಣ ಭಾಷೆಗಿಂತ ಮುಂಚೆ ಮೀಟರಿನಲ್ಲಿದೆ. ವಿದ್ಯುತ್ ಕಂಪನಿಗೆ ಗೊತ್ತಿರುವುದು ಒಂದು ಆರ್‌ಆರ್ ಸಂಖ್ಯೆ (ಬಿಲ್ಲಿನಲ್ಲಿರುವ, ಸಂಪರ್ಕದ ಗುರುತಿನ ಸಂಖ್ಯೆ), ಒಂದು ಮಂಜೂರಾದ ಲೋಡು, ಒಂದು ದರಪಟ್ಟಿಯ ವರ್ಗ. ಆ ಸಂಖ್ಯೆಯ ಹಿಂದೆ ಇರುವ ಹೆಸರು ಎಷ್ಟೋ ಮನೆಗಳಲ್ಲಿ ತೀರಿಹೋದ ಅಜ್ಜನದು. ಬಾಡಿಗೆ ಮನೆಯಾದರೆ ಮಾಲೀಕರದು, ಕರೆಂಟು ಉಪಯೋಗಿಸುವವರು ಬೇರೆ. ಯಂತ್ರ ಕೊಟ್ಟ ಕರಡಿನಲ್ಲಿ ಪ್ರತಿ ಸಂದೇಶವೂ ಹೆಸರಿನಿಂದ ಶುರುವಾಗುತ್ತದೆ: ‘ಪ್ರಿಯ ಶ್ರೀ ಇಂಥವರೇ, ನೀವು ನಿನ್ನೆ ರಾತ್ರಿ ಎಂದಿಗಿಂತ ಹೆಚ್ಚು ವಿದ್ಯುತ್ ಬಳಸಿದ್ದೀರಿ.’ ತಂದೆಯನ್ನು ಕಳೆದುಕೊಂಡ ಮನೆಗೆ ಅವರದೇ ಹೆಸರಿನಲ್ಲಿ ಈ ಸಾಲು ಹೋಗುವುದನ್ನು ಊಹಿಸಿಕೊಳ್ಳಿ. ಖಾತೆಯ ಹೆಸರು ಬದಲಾಯಿಸಿಕೊಳ್ಳದೇ ಇದ್ದದ್ದು ಮನೆಯವರ ಉದಾಸೀನ ಎನ್ನಬಹುದು. ಆದರೂ ‘ನೀವು’ ಎಂದು ಕರೆಯುವ ಮೊದಲು ಯಾರನ್ನು ಕರೆಯುತ್ತಿದ್ದೇವೆ ಎಂದು ತಿಳಿದಿರಬೇಕಾದದ್ದು ಕರೆಯುವವರ ಹೊಣೆ. ‘ನಿಮ್ಮ ಮನೆಯ ಮೀಟರಿನಲ್ಲಿ ನಿನ್ನೆ ರಾತ್ರಿ ಎಂದಿಗಿಂತ ಹೆಚ್ಚು ಬಳಕೆ ಕಂಡಿದೆ’ ಎಂದರೆ ಮಾತು ಮೀಟರಿಗೆ ಗೊತ್ತಿರುವಷ್ಟಕ್ಕೇ ನಿಲ್ಲುತ್ತದೆ, ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಗೃಹಜ್ಯೋತಿ ಯೋಜನೆಯೂ ಇದನ್ನೇ ತೋರಿಸಿಕೊಟ್ಟಿದೆ. 2023ರಲ್ಲಿ ಅದು ಶುರುವಾದಾಗ ಉಚಿತ ಯೂನಿಟ್ಟುಗಳ ಲೆಕ್ಕ ಹೀಗಿತ್ತು: 2022–23ನೇ ಸಾಲಿನ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಒಟ್ಟು 200 ಯೂನಿಟ್ ಮೀರದಂತೆ. ಹಳೆಯ ಲೆಕ್ಕವಿಲ್ಲದ ಹೊಸ ಸಂಪರ್ಕಗಳಿಗೆ ರಾಜ್ಯದ ಸರಾಸರಿ 53 ಯೂನಿಟ್, ಅದಕ್ಕೆ ಶೇಕಡಾ 10 ಸೇರಿ 58. ಕೃತಕ ಬುದ್ಧಿಮತ್ತೆಯ ಹೆಸರೇ ಇಲ್ಲದೆ, ಒಂದೊಂದು ಮನೆಗೂ ಅದರದೇ ಒಂದು ಅಂಕಿ ಸಿಕ್ಕಿತು. ‘ನಮ್ಮ ಮನೆಗೆ ಎಷ್ಟು ಯೂನಿಟ್ ಫ್ರೀ’ ಎಂದು ಜನ ಮಾತನಾಡಿಕೊಂಡರು. ಗಮನಿಸಿ, ‘ನನಗೆ ಎಷ್ಟು’ ಎಂದು ಕೇಳಿದವರು ಕಡಿಮೆ. ಸರಾಸರಿ ಅಂಟಿಕೊಂಡದ್ದು ಮೀಟರಿಗೆ, ಅರ್ಜಿಯಲ್ಲಿ ಕೊಟ್ಟದ್ದು ಮನುಷ್ಯರ ಆಧಾರ್ ಸಂಖ್ಯೆ. ಹಾಗಾಗಿ ಬಾಡಿಗೆದಾರರು ಮನೆ ಬದಲಾಯಿಸಿದಾಗ ಹಳೆಯ ಮೀಟರಿನಿಂದ ಆಧಾರ್ ಬಿಡಿಸಿಕೊಳ್ಳುವ ಏರ್ಪಾಡು ಬೇಕಾಯಿತು. ಹೊಸ ಮನೆಯಲ್ಲಿ ಅವರಿಗೆ ಸಿಗುವುದು ತಮ್ಮ ಹಿಂದಿನ ಬಳಕೆಯ ಸರಾಸರಿಯಲ್ಲ, ಆ ಮನೆಯಲ್ಲಿ ತಮಗಿಂತ ಮೊದಲು ಇದ್ದವರ ಬಳಕೆಯಿಂದ ಬಂದ ಸರಾಸರಿ.

ಇಲಾಖೆಯ ಹಳೆಯ ಕಡತಗಳಲ್ಲಿ ಸಂಪರ್ಕಕ್ಕೆ ‘ಸ್ಥಾವರ’ ಎಂಬ ಪದವಿದೆ. ಗೃಹಬಳಕೆಯ ಸ್ಥಾವರ, ನೀರಾವರಿ ಪಂಪ್‌ಸೆಟ್ ಸ್ಥಾವರ ಎಂದೇ ಬರೆಯುತ್ತಾರೆ. ಮೀಟರು ಸ್ಥಾವರ, ಬಾಡಿಗೆದಾರ ಜಂಗಮ. ಈ ಜೋಡಿಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರದ ಜಾಣತನವೆಲ್ಲ ಸ್ಥಾವರದ ಕುರಿತಾದದ್ದು, ‘ವೈಯಕ್ತಿಕ’ ಎಂಬ ಪದ ಅದನ್ನು ಜಂಗಮದ ಮೇಲೆ ಹೊರಿಸುತ್ತದೆ. ನನ್ನ ತಕರಾರಿನ ತಿರುಳು ಇಷ್ಟೇ.

ಹಾಗಾದರೆ ‘ಸ್ಥಾವರವಾರು’ ಎನ್ನಬಹುದಲ್ಲ ಎಂದು ನೀವು ಕೇಳಬಹುದು. ಕಡತಕ್ಕೆ ಅದೇ ಸರಿ. ಗ್ರಾಹಕರ ಮೊಬೈಲಿಗೆ ಹೋಗುವ ಮಾತಿನಲ್ಲಿ ಆಗದು, ಏಕೆಂದರೆ ಪತ್ರಿಕೆ ಓದುವ ಎಲ್ಲರಿಗೂ ಸ್ಥಾವರ ಎಂದರೆ ರಾಯಚೂರಿನ ಶಾಖೋತ್ಪನ್ನ ಸ್ಥಾವರ, ಕೈಗಾದ ಅಣುಸ್ಥಾವರ.

‘ವಾರು’ ಕನ್ನಡದ ಆಡಳಿತದಲ್ಲಿ ನುರಿತ ಪ್ರತ್ಯಯ. ಜಿಲ್ಲಾವಾರು, ಹೋಬಳಿವಾರು, ವಿಷಯವಾರು, ತಿಂಗಳುವಾರು. ಬ್ರಿಟಿಷರ ಕಾಲದಲ್ಲಿ ಥಾಮಸ್ ಮನ್ರೊ ಹೆಸರಿನೊಂದಿಗೆ ಬೆಸೆದುಕೊಂಡ ‘ರೈತವಾರಿ’ಯೂ ಇದೇ ಬಳ್ಳಿಯದು. ಜಮೀನ್ದಾರರನ್ನು ನಡುವೆ ಇಟ್ಟುಕೊಳ್ಳದೆ ಒಬ್ಬೊಬ್ಬ ರೈತರೊಂದಿಗೇ ಸರ್ಕಾರ ಕಂದಾಯ ಗೊತ್ತುಮಾಡಿಕೊಳ್ಳುವ ಪದ್ಧತಿ ಅದು. ಒಟ್ಟಾಗಿ ಇದ್ದದ್ದನ್ನು ಬಿಡಿಬಿಡಿಯಾಗಿ ಲೆಕ್ಕ ಹಿಡಿಯುವ ಅರ್ಥ ಈ ಪ್ರತ್ಯಯಕ್ಕೆ ಮೊದಲಿನಿಂದಲೂ ಇದೆ. ನಮಗೆ ಬೇಕಾಗಿರುವುದೂ ಅದೇ. ಇಡೀ ಊರಿಗೆ ಒಂದೇ ಸಲಹೆಯ ಬದಲು ಮನೆಗೊಂದು ಸಲಹೆ: ಮನೆವಾರು ಸಲಹೆ, ಮನೆವಾರು ಲೆಕ್ಕ, ಮನೆವಾರು ಎಚ್ಚರಿಕೆ. ‘ಮನೆಮನೆಯ’ ಎಂದರೆ ಎಲ್ಲ ಮನೆಗೂ ಒಂದೇ ಎಂಬ ಅರ್ಥ ಬರುವ ಅಪಾಯವಿದೆ. ‘ವಾರು’ ಎಂದಾಗ ಒಂದೊಂದಕ್ಕೂ ಬೇರೆ ಬೇರೆ ಎಂಬುದು ಸ್ಪಷ್ಟ.

ಒಂದು ಕೊರತೆ ಇದೆ. ಹಿಟ್ಟಿನ ಗಿರಣಿ, ಸಲೂನು, ಗುಡಿ, ತೋಟದ ಪಂಪ್‌ಸೆಟ್ಟು ಇವು ಮನೆಗಳಲ್ಲ. ಅಲ್ಲಿಗೆ ‘ಮೀಟರುವಾರು’ ಎನ್ನಬಹುದೇ? ಮೀಟರೇ ಇಲ್ಲದ ಪಂಪ್‌ಸೆಟ್ಟುಗಳಿಗೆ ಅದೂ ಹೊಂದುವುದಿಲ್ಲ. ಈ ಎಡೆಯಲ್ಲಿ ನನಗೆ ಇನ್ನೂ ಒಳ್ಳೆಯ ಪದ ಹೊಳೆದಿಲ್ಲ.

‘ವಾರು’ವಿನ ಇನ್ನೊಂದು ಉಪಯೋಗವೂ ಕೈಗೆ ಬಂತು. ಇಡೀ ಮನೆಯ ಬಳಕೆಯ ಒಂದೇ ಅಂಕಿಯನ್ನು ಗೀಸರಿಗಿಷ್ಟು, ಫ್ರಿಜ್ಜಿಗಿಷ್ಟು ಎಂದು ಬಿಡಿಸುವ ವಿದ್ಯೆಗೆ ಕರಡಿನಲ್ಲಿ ‘ವಿಘಟನೆ’ ಎಂದಿದೆ. ವಿಘಟನೆ ಎಂದರೆ ಒಡೆದು ಹೋಗುವುದು, ಸಂಘಟನೆಗೆ ಎದುರು. ‘ಉಪಕರಣವಾರು ಲೆಕ್ಕ’ ಎಂದರೆ ಸಾಕು ಅನ್ನಿಸಿತು. ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ 1980ರ ದಶಕದಲ್ಲೇ ಇದಕ್ಕೆ ಅಡಿಪಾಯ ಹಾಕಿದರು. ಒಂದೊಂದು ಉಪಕರಣವೂ ಶುರುವಾಗುವಾಗ, ನಿಲ್ಲುವಾಗ ಮನೆಯ ಒಟ್ಟು ಬಳಕೆಯಲ್ಲಿ ತನ್ನದೇ ಗುರುತು ಬಿಡುತ್ತದೆ ಎಂಬುದು ಅದರ ತಳಹದಿ. ಫ್ರಿಜ್ಜಿನ ಕಂಪ್ರೆಸರ್ ಹಗಲಿರುಳೂ ಬಿಟ್ಟು ಬಿಟ್ಟು ಓಡುತ್ತದೆ. 2,000 ವ್ಯಾಟಿನ ಗೀಸರ್ ಬೆಳಗ್ಗೆ ಒಮ್ಮೆಲೇ ಏರಿ, ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ತಿಂದು, ಒಮ್ಮೆಲೇ ಇಳಿಯುತ್ತದೆ. ಆದರೆ ಬೆಳಗಿನ ಅದೇ ಹೊತ್ತಿನಲ್ಲಿ ಅಷ್ಟೇ ವ್ಯಾಟಿನ ಇಂಡಕ್ಷನ್ ಒಲೆಯೂ ಉರಿಯುತ್ತದೆ. ಅರ್ಧ ಗಂಟೆಗೊಂದು ಅಂಕಿ ಮಾತ್ರ ಕೈಯಲ್ಲಿದ್ದರೆ ಯಂತ್ರಕ್ಕೆ ಇವೆರಡನ್ನು ಬಿಡಿಸಿ ನೋಡುವುದು ಕಷ್ಟ. ಮಲೆನಾಡಿನಲ್ಲಿ ಹಂಡೆಯ ಒಲೆಯಲ್ಲಿ ಸ್ನಾನದ ನೀರು ಕಾಯಿಸುವ ಮನೆಗೆ ‘ನಿಮ್ಮ ಗೀಸರ್ ಬಳಕೆ ಕಡಿಮೆ ಮಾಡಿ’ ಎಂಬ ಸಲಹೆ ಹೋದರೆ, ಆ ಮನೆಯವರು ಮುಂದಿನ ಸಂದೇಶವನ್ನು ತೆರೆದೂ ನೋಡುವುದಿಲ್ಲ.

ಇಲ್ಲಿಂದ ಎರಡನೆಯ ಪ್ರಶ್ನೆ ಹುಟ್ಟುತ್ತದೆ, ಅದು ಕ್ರಿಯಾಪದದ್ದು. ಯಂತ್ರ ಹೇಳುವುದೆಲ್ಲ ಊಹೆ. ಊಹೆಯನ್ನು ಊಹೆಯಾಗಿ ಹೇಳುವುದು ಹೇಗೆ? ಕರಡಿನಲ್ಲಿ ಎಲ್ಲ ಕಡೆ ‘ಅಂದಾಜಿಸಲಾಗಿದೆ’ ಎಂದಿದೆ. ವಿದ್ಯುತ್ ಬಿಲ್ಲಿನಲ್ಲಿ ‘ಅಂದಾಜು’ ಎಂಬ ಮಾತಿಗೆ ಕಹಿ ಅಂಟಿದೆ. ಮೀಟರ್ ರೀಡರ್ ಬಂದಾಗ ಬಾಗಿಲಿಗೆ ಬೀಗವಿದ್ದರೆ ಹಿಂದಿನ ಸರಾಸರಿಯ ಮೇಲೆ ಬಿಲ್ ಹಾಕುತ್ತಾರೆ, ಜನ ಅದನ್ನು ‘ಅಂದಾಜಿಗೆ ಬರೆದುಕೊಂಡು ಹೋದರು’ ಎನ್ನುತ್ತಾರೆ. ಅಂದಾಜಿನ ಬಿಲ್ ಎಂದರೆ ಹೋಗಿ ತಕರಾರು ಹೇಳಬೇಕಾದ ಬಿಲ್. ಮುಂದಿನ ತಿಂಗಳ ಮುನ್ಸೂಚನೆಗೆ ಅದೇ ಪದ ಬಳಸಿದರೆ, ಕಂಪನಿ ಈಗಲೇ ಅಷ್ಟು ಹಣ ಕೇಳುತ್ತಿದೆ ಎಂಬ ಗೊಂದಲ ಖಂಡಿತ.

ನಮ್ಮ ಭಾಷೆಯಲ್ಲಿ ಇದಕ್ಕೆಂದೇ ಒಂದು ರೂಪವಿದೆಯಲ್ಲ, ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಓದಿದ್ದು. ಬಂದೀತು, ಆದೀತು, ಹೋದಾನು, ಬಿದ್ದಾಳು. ‘ಈಗಿನಂತೆಯೇ ಬಳಸಿದರೆ ಮುಂದಿನ ಬಿಲ್ 900 ರೂಪಾಯಿ ದಾಟೀತು.’ ಒಂದೇ ಕ್ರಿಯಾಪದದಲ್ಲಿ ಸಾಧ್ಯತೆಯೂ ಇದೆ, ಮೆಲ್ಲಗಿನ ಎಚ್ಚರಿಕೆಯೂ ಇದೆ. ‘ದಾಟಬಹುದು’ ಎಂದಾಗ ಆ ಎಚ್ಚರಿಕೆ ಇಲ್ಲ, ಜೊತೆಗೆ ‘ಬಹುದು’ವಿಗೆ ಅನುಮತಿಯ ಅರ್ಥವೂ ಇರುವುದರಿಂದ ಕೆಲವು ಕಡೆ ಎಡವುತ್ತದೆ. ‘ಸಂಜೆ ಆರರ ನಂತರ ಎಸಿ ಬಳಕೆ ಹೆಚ್ಚಾಗಬಹುದು’ ಎಂಬ ಸಾಲು ಕರಡಿನಲ್ಲಿದೆ. ಹೆಚ್ಚಾದರೆ ಪರವಾಗಿಲ್ಲ ಎಂದೂ ಅದನ್ನು ಓದಲು ಬರುತ್ತದೆ. ‘ಹೆಚ್ಚಾದೀತು’ ಎಂದರೆ ಆ ತೊಡಕಿಲ್ಲ. ಇಷ್ಟು ಒಳ್ಳೆಯ ರೂಪವನ್ನು ನಮ್ಮ ಅಧಿಕೃತ ಗದ್ಯ ಯಾಕೆ ದೂರ ಇಟ್ಟಿತೋ! ಸುತ್ತೋಲೆಗಳಲ್ಲಿ, ಪ್ರಕಟಣೆಗಳಲ್ಲಿ ‘ಆಗುವ ಸಾಧ್ಯತೆ ಇರುತ್ತದೆ’ ಎಂದು ಉದ್ದಕ್ಕೆ ಎಳೆಯುತ್ತೇವೆ. ನನಗಿರುವ ಅನುಮಾನ ಒಂದೇ. ಇಪ್ಪತ್ತರ ವಯಸ್ಸಿನ ಓದುಗರಿಗೆ ‘ದಾಟೀತು’ ಎಂಬುದು ಗದರಿಕೆಯಂತೆ ಕೇಳಿಸುತ್ತದೆಯೇ? ‘ಜೋಕೆ, ಬಿದ್ದೀಯ’ ಎಂಬ ಹಿರಿಯರ ದನಿ ಅದರಲ್ಲಿ ಅವರಿಗೆ ಕೇಳುತ್ತದೆಯೇ? ಮನೆಯಲ್ಲಿ ಕಿರಿಯರಿರುವವರು ಅವರ ಮುಂದೆ ಈ ಸಾಲನ್ನು ಓದಿ, ಹೇಗನ್ನಿಸಿತು ಎಂದು ಕೇಳಿ ತಿಳಿಸಿದರೆ ದೊಡ್ಡ ಉಪಕಾರ.

ಮೂರನೆಯದು ನೆರೆಹೊರೆಯ ಹೋಲಿಕೆ. ಇದಕ್ಕೊಂದು ಹಿನ್ನೆಲೆ ಇದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಸಾರ್ವಜನಿಕ ವಿದ್ಯುತ್ ಸಂಸ್ಥೆ 2008ರಲ್ಲಿ ಆಯ್ದ 35,000 ಮನೆಗಳಿಗೆ ಹೊಸ ಬಗೆಯ ವರದಿ ಕಳುಹಿಸಿತು. ಸುತ್ತಮುತ್ತಲಿನ, ಅಷ್ಟೇ ದೊಡ್ಡದಾದ 100 ಮನೆಗಳ ಬಳಕೆಯ ಜೊತೆ, ಅವುಗಳಲ್ಲೇ ಬಹಳ ಕಡಿಮೆ ಬಳಸುವ 20 ಮನೆಗಳ ಜೊತೆ ನಿಮ್ಮ ಮನೆಯ ಹೋಲಿಕೆ. ಕಡಿಮೆ ಬಳಸಿದವರಿಗೆ ನಗುಮುಖದ ಚಿತ್ರ, ಹೆಚ್ಚು ಬಳಸಿದವರಿಗೆ ಸಪ್ಪೆಮುಖ. ಗ್ರಾಹಕರು ದೂರಿದ ಮೇಲೆ ಸಪ್ಪೆಮುಖವನ್ನು ಕೈಬಿಟ್ಟರು. ಬಳಕೆ ಸುಮಾರು ಶೇಕಡಾ 2ರಷ್ಟು ಇಳಿಯಿತು. ಕೇಳಲು ಸಣ್ಣ ಅಂಕಿ, ಆದರೆ ಒಂದು ಕಾಗದದಿಂದ ಆದದ್ದು. ಅದಕ್ಕೂ ಮೊದಲು ಅದೇ ರಾಜ್ಯದ ಸ್ಯಾನ್ ಮಾರ್ಕೋಸಿನಲ್ಲಿ ಮನಶ್ಶಾಸ್ತ್ರಜ್ಞರು ನಡೆಸಿದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಕಂಡಿತ್ತು. ಬರೀ ಸರಾಸರಿಯನ್ನು ತಿಳಿಸಿದಾಗ, ಅದಕ್ಕಿಂತ ಕಡಿಮೆ ಬಳಸುತ್ತಿದ್ದವರು ತಮ್ಮ ಬಳಕೆಯನ್ನು ಏರಿಸಿಕೊಂಡರು. ಪಕ್ಕದಲ್ಲೊಂದು ನಗುಮುಖ ಬರೆದಾಗ ಹಾಗೆ ಏರಿಸಲಿಲ್ಲ. ಒಂದು ಮೆಚ್ಚುಗೆಗೆ ಅಷ್ಟು ಬಲ!

ಈ ವರದಿಯ ಮಾದರಿಯೇ ಈಗ ಯಂತ್ರದ ಮೂಲಕ ಎಲ್ಲ ಕಡೆಗೂ ಹರಡುತ್ತಿದೆ. ಕರಡಿನಲ್ಲಿ ‘ನಿಮ್ಮ ದಕ್ಷ ನೆರೆಹೊರೆಯವರು’ ಎಂದಿದೆ. ದಕ್ಷರು ಎಂದರೆ ನಮಗೆ ಜಿಲ್ಲಾಧಿಕಾರಿಗಳು, ಪೊಲೀಸ್ ಅಧಿಕಾರಿಗಳು. ‘ಮಿತಬಳಕೆಯ ಮನೆಗಳು’ ಎಂದರೆ ನೇರವಾಗಿದೆ. ‘ನೆರೆಹೊರೆಯವರು’, ‘ಅಕ್ಕಪಕ್ಕದವರು’ ಎಂಬ ಪದಗಳನ್ನೂ ತೆಗೆಯಬೇಕೆಂದಿದ್ದೇನೆ. ಕನ್ನಡದಲ್ಲಿ ಅಕ್ಕಪಕ್ಕದ ಮನೆ ಎಂದರೆ ಗೋಡೆ ಹಂಚಿಕೊಂಡ ಮನೆ, ಒಗ್ಗರಣೆಗೆ ಕರಿಬೇವು ಕೇಳುವ ಮನೆ. ಅವರ ಬಿಲ್ ನನಗೆ ತಿಳಿಯಿತು ಎಂದರೆ ನನ್ನದು ಅವರಿಗೆ ತಿಳಿದಿರುತ್ತದೆ ಎಂಬ ಭಯ ತಕ್ಷಣ ಹುಟ್ಟುತ್ತದೆ. ‘ಆಸುಪಾಸಿನ, ನಿಮ್ಮ ಮನೆಯಂಥ ನೂರು ಮನೆಗಳು’ ಎಂಬುದು ಹೇಗೆ? ನಗುಮುಖದ ಕೆಲಸ ಮಾಡುವ ಮಾತಿಗೆ ‘ಭೇಷ್’, ‘ಶಹಬ್ಬಾಸ್’ ಎಲ್ಲ ನೋಡಿದೆ. ದೊಡ್ಡವರಿಗೆ ಬರೆಯುವಾಗ ಅವು ಬೆನ್ನು ತಟ್ಟಿದಂತಾಗುತ್ತವೆ. ‘ಬಳಕೆ ಹಿತಮಿತವಾಗಿದೆ, ಹೀಗೆಯೇ ನಡೆಸಿಕೊಂಡು ಹೋಗಿ’ ಎಂದು ಬರೆದಿದ್ದೇನೆ. ಹೆಚ್ಚು ಬಳಸಿದ ಮನೆಗೆ ‘ಸುಧಾರಣೆಗೆ ಅವಕಾಶವಿದೆ’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ. ಅದು ಶಾಲೆಯ ಅಂಕಪಟ್ಟಿಯ ಷರಾ. ಮೀಟರಿಗೆ ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದೇ ಗೊತ್ತಿಲ್ಲ. ಹತ್ತು ಮಂದಿಯ ಕೂಡು ಕುಟುಂಬವನ್ನು ಮೂವರಿರುವ ಅಷ್ಟೇ ಅಗಲದ ಮನೆಗೆ ಹೋಲಿಸಿ, ನೀವು ಸುಧಾರಿಸಬೇಕು ಎನ್ನುವ ಹಕ್ಕು ಯಾವ ಯಂತ್ರಕ್ಕೂ ಇಲ್ಲ. ಅಂಕಿಯನ್ನು ಕೊಟ್ಟು ಸುಮ್ಮನಾಗುವುದು ಮೇಲು.

ಹೊತ್ತಿನ ಪದಗಳ ಬಗ್ಗೆ ಚಿಕ್ಕದಾಗಿ. ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರಲ್ಲಿ ತಂದ ತಿದ್ದುಪಡಿಯಲ್ಲಿ, ದಿನದ ಹೊತ್ತಿಗೆ ತಕ್ಕಂತೆ ದರ ಇರಬೇಕೆಂದಿದೆ. ಸೌರವಿದ್ಯುತ್ ಸಿಗುವ ಹಗಲಿನ ಎಂಟು ಗಂಟೆಗಳಲ್ಲಿ ಮಾಮೂಲಿ ದರಕ್ಕಿಂತ ಕನಿಷ್ಠ ಶೇಕಡಾ 20 ಕಡಿಮೆ, ಬೇಡಿಕೆ ಏರುವ ಗಂಟೆಗಳಲ್ಲಿ ಹೆಚ್ಚು. ಕರಡಿನಲ್ಲಿ ಇವು ‘ಸೌರ ಗಂಟೆಗಳು’ ಮತ್ತು ‘ಗರಿಷ್ಠ ಗಂಟೆಗಳು’. ನಾನು ‘ಬಿಸಿಲ ಹೊತ್ತು’ ಮತ್ತು ‘ದೀಪ ಹಚ್ಚುವ ಹೊತ್ತು’ ಎಂದಿದ್ದೇನೆ. ಸಂಜೆ ಆರರಿಂದ ಹತ್ತರವರೆಗಿನ ಏರುಬೇಡಿಕೆಗೆ ಕಾರಣವಾದದ್ದೇ ದೀಪ ಹಚ್ಚುವುದು ತಾನೇ? ಪಕ್ಕದಲ್ಲಿ ಗಂಟೆಯನ್ನು ಅಂಕಿಯಲ್ಲಿ ಕೊಡುವುದರಿಂದ ಗೊಂದಲಕ್ಕೆ ಎಡೆಯಿಲ್ಲ. ಬೆಳಗಿನ ಏರುಬೇಡಿಕೆಗೆ ಮಾತ್ರ ಇಂಥ ಪದ ಸಿಕ್ಕಿಲ್ಲ.

ಇಷ್ಟು ಹೊತ್ತು ಸೇವೆ ಮನೆಯದು, ವ್ಯಕ್ತಿಯದಲ್ಲ ಎಂದು ವಾದಿಸಿದೆ. ಆದರೆ ಒಂದು ಕಡೆ ಅದು ನಿಜವಾಗಿ ವ್ಯಕ್ತಿಯದು: ದೂರು ಹೇಳುವವರ ಮಾತಿನಲ್ಲಿ. ವಿದ್ಯುತ್ ದೂರುಗಳ ಸಹಾಯವಾಣಿ 1912ಕ್ಕೆ ಕರೆ ಮಾಡುವವರು, ವಾಟ್ಸ್‌ಆ್ಯಪಿನಲ್ಲಿ ಬರೆಯುವವರು ತಮ್ಮ ತಮ್ಮ ಕನ್ನಡದಲ್ಲಿ ಹೇಳುತ್ತಾರೆ. ಬ್ರಿಟನ್ನಿನ ಆಕ್ಟೋಪಸ್ ಎನರ್ಜಿ ಕಂಪನಿಯ ಮುಖ್ಯಸ್ಥ ಗ್ರೆಗ್ ಜಾಕ್ಸನ್, ಯಂತ್ರ ಬರೆದ ಇಮೇಲ್ ಉತ್ತರಗಳಿಗೆ ಶೇಕಡಾ 80ರಷ್ಟು ಗ್ರಾಹಕ ತೃಪ್ತಿ ಸಿಕ್ಕಿತು, ತರಬೇತಿ ಪಡೆದ ಸಿಬ್ಬಂದಿಯ ಉತ್ತರಗಳಿಗೆ ಸಿಕ್ಕದ್ದು 65 ಎಂದು 2023ರಲ್ಲಿ ಹೇಳಿದರು. ಇದು ಕಂಪನಿಯೇ ಹೇಳಿಕೊಂಡ ಲೆಕ್ಕ, ಅದೂ ಇಂಗ್ಲಿಷಿನ ಪತ್ರಗಳದು. ಕನ್ನಡದಲ್ಲಿ ಆ ಮಟ್ಟ ಮುಟ್ಟಬೇಕಾದರೆ ಯಂತ್ರ ಮೊದಲು ‘ಟಿಸಿ ಸುಟ್ಟಿದೆ’ ಎಂಬುದನ್ನು ತಿಳಿಯಬೇಕು. ರೈತರ ಬಾಯಲ್ಲಿ ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್. ಅದು ಸುಟ್ಟರೆ ಹೊಲದ ಬೆಳೆ ನೀರಿಲ್ಲದೆ ಒಣಗುತ್ತದೆ. ಶಾಲೆಯ ವರ್ಗಾವಣೆ ಪತ್ರವೂ ಟಿಸಿ, ರೈಲಿನ ಟಿಕೆಟ್ ತಪಾಸಣೆಯವರೂ ಟಿಸಿ. ‘ಒಂದು ಫೇಸ್ ಹೋಗಿದೆ’, ‘ಲೈಟು ಡಿಮ್ ಇದೆ’, ‘ವೈರು ಜೋತುಬಿದ್ದಿದೆ’, ‘ಕಂಬ ವಾಲಿದೆ’, ‘ಮೀಟರು ಸುಮ್ಮನೆ ಓಡುತ್ತಿದೆ’. ಇವುಗಳಲ್ಲಿ ಯಾವುದು ಕಾಯಬಹುದಾದ ದೂರು, ಯಾವುದಕ್ಕೆ ಲೈನ್‌ಮನ್ ಈಗಲೇ ಓಡಬೇಕು ಎಂಬುದು ಜೀವದ ಪ್ರಶ್ನೆ. ಜೋತುಬಿದ್ದ ತಂತಿಯನ್ನು ‘ವಿದ್ಯುತ್ ವ್ಯತ್ಯಯ’ದ ಖಾನೆಗೆ ಹಾಕಿ ‘ನಿಮ್ಮ ದೂರು ದಾಖಲಾಗಿದೆ’ ಎಂದು ಸಿದ್ಧ ಉತ್ತರ ಕೊಟ್ಟರೆ ಅನಾಹುತವಾದೀತು. ಉತ್ತರ ಕರ್ನಾಟಕದವರ ‘ಲೈಟ್ ಬಿಲ್’ ಮತ್ತು ಬೆಂಗಳೂರಿನವರ ‘ಕರೆಂಟ್ ಬಿಲ್’ ಒಂದೇ ಎಂದು ಯಂತ್ರಕ್ಕೆ ಯಾರಾದರೂ ಹೇಳಿಕೊಡಲೇಬೇಕು. ಪುಸ್ತಕದ ಕನ್ನಡ ಕಲಿತ ಯಂತ್ರ ‘ವಿದ್ಯುತ್ ಪೂರೈಕೆಯಲ್ಲಿ ಅಡಚಣೆ’ ಎಂದು ಯಾರಾದರೂ ಬರೆಯಲಿ ಎಂದು ಕಾದು ಕುಳಿತರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ಕೊನೆಯದಾಗಿ, ‘ವೈಯಕ್ತಿಕ’ವನ್ನು ನಾನು ಹಟ ಹಿಡಿದು ಉಳಿಸಿಕೊಂಡ ಒಂದು ಜಾಗವಿದೆ, ಅದು ಒಪ್ಪಿಗೆಯ ಪತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಪತ್ರವನ್ನು ಸರಳ ಭಾಷೆಯಲ್ಲಿ ಬರೆಯಬೇಕು. ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದಿಕೊಳ್ಳುವ ಅವಕಾಶ ಜನರಿಗೆ ಇರಬೇಕು. ಕನ್ನಡದಲ್ಲಿ ಅದು ಸಿಗುವುದು ನಮ್ಮ ಹಕ್ಕು. ಕರಡು ಇಲ್ಲಿ ‘ಮೀಟರ್ ಮಾಹಿತಿ’ ಎಂದಷ್ಟೇ ಹೇಳುತ್ತದೆ. ಆದರೆ ಅರ್ಧ ಗಂಟೆಗೊಮ್ಮೆ ಬರುವ ಅಂಕಿಗಳಿಂದ ಮನೆಯವರು ಎಷ್ಟಕ್ಕೆ ಏಳುತ್ತಾರೆ, ಎಷ್ಟಕ್ಕೆ ಮಲಗುತ್ತಾರೆ, ಮನೆಗೆ ಬೀಗ ಹಾಕಿ ಊರಿಗೆ ಹೋದದ್ದು ಯಾವಾಗ ಎಂಬುದೆಲ್ಲ ತಿಳಿಯುತ್ತದೆ. ಅಂಕಿ ಹುಟ್ಟುವುದು ಮೀಟರಿನಲ್ಲಿ, ಅದು ಹೊರಗೆ ಬಿದ್ದಾಗ ನೋಯುವುದು ಮನುಷ್ಯರು. ಹಾಗಾಗಿ ಸೇವೆಯ ಹೆಸರಿನಲ್ಲಿ ‘ಮನೆವಾರು’, ಒಪ್ಪಿಗೆಯ ಪತ್ರದಲ್ಲಿ ‘ನಿಮ್ಮ ಮತ್ತು ನಿಮ್ಮ ಮನೆಯವರ ವೈಯಕ್ತಿಕ ಮಾಹಿತಿ’. ಒಂದೇ ಪಠ್ಯದಲ್ಲಿ ಎರಡು ಪದ ಬೇಡ, ಏಕರೂಪತೆ ಇರಲಿ ಎಂದು ಜೊತೆಗಿರುವವರು ಹೇಳುತ್ತಿದ್ದಾರೆ. ನಾನು ಇನ್ನೂ ಒಪ್ಪಿಲ್ಲ.

ನಿಮ್ಮಿಂದ ಬೇಕಾದದ್ದು: ‘ಮನೆವಾರು’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಮನೆಯಲ್ಲದ ಸಂಪರ್ಕಗಳಿಗೆ ಏನೆನ್ನುವುದು? ‘ದಾಟೀತು’ ಉಳಿಸಿಕೊಳ್ಳಲೇ? ಇವುಗಳಿಗಿಂತ ಹೆಚ್ಚಾಗಿ, ಕರೆಂಟು ಹೋದಾಗ, ಮಂಕಾದಾಗ, ಹೆಚ್ಚಾಗಿ ಬಂದು ಬಲ್ಬು ಸುಟ್ಟಾಗ, ಟ್ರಾನ್ಸ್‌ಫಾರ್ಮರ್ ಕೆಟ್ಟಾಗ ನಿಮ್ಮ ಕಡೆಯ ಜನ ಯಾವ ಮಾತಿನಲ್ಲಿ ದೂರುತ್ತಾರೆ ಎಂಬುದನ್ನು ಅವರು ಹೇಳುವ ಹಾಗೆಯೇ, ತಿದ್ದದೆ ಬರೆದು ಕಳುಹಿಸಿ. ಬೀದರ್, ಚಾಮರಾಜನಗರ, ಕರಾವಳಿಯ ಕಡೆಯ ಮಾತುಗಳು ನನ್ನ ಪಟ್ಟಿಯಲ್ಲಿ ಬಹಳ ಕಡಿಮೆ ಇವೆ. ಪ್ರತಿ ಮಾತಿನ ಪಕ್ಕದಲ್ಲಿ ತಾಲ್ಲೂಕಿನ ಹೆಸರಿರಲಿ, ಪಟ್ಟಿಯನ್ನು ತಾಲ್ಲೂಕುವಾರು ಜೋಡಿಸುತ್ತಿದ್ದೇನೆ.